ಅರ್ಧ ಕ್ರೇಯಾನು, ತುಂಡು ರಟ್ಟು, ಒಂದು ಕ್ರಿಸ್‌ಮಸ್ ಟ್ರೀ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 9 ವರ್ಷ, ಮಗನಿಗೆ 5. ಮನೆಯಲ್ಲಿ ಒಂದು ದೊಡ್ಡ ಡಬ್ಬದ ತುಂಬ ಚಿತ್ರ ಬಿಡಿಸುವ ಸಾಮಾನು ಉಳಿದುಕೊಂಡಿದೆ. ಮುರಿದ ಕ್ರೇಯಾನ್, ಒಣಗಿದ ಸ್ಕೆಚ್ ಪೆನ್, ಗಟ್ಟಿಯಾದ ಪೋಸ್ಟರ್ ಕಲರ್, ಬಣ್ಣದ ಹಾಳೆಯ ಚೂರು, ಉಲ್ಲನ್ ದಾರ, ಮಕ್ಕಳ ಹಳೇ ಚಿತ್ರಗಳು. ಕಳೆದ ವರ್ಷ ಇದರಲ್ಲೇ ಕ್ರಿಸ್‌ಮಸ್ ಟ್ರೀಗೆ ಅಲಂಕಾರ ಮಾಡಿದ್ದೆವು. ರಟ್ಟಿನ ನಕ್ಷತ್ರಗಳು ಸುರುಟಿಕೊಂಡವು. ಉಪ್ಪು, ಮೈದಾ ಕಲಸಿ ಮಾಡಿದ ಬಿಲ್ಲೆಗಳು ಮೆತ್ತಗಾಗಿ ದಾರದ ಸಮೇತ ಕೆಳಗೆ ಬಿದ್ದವು. ಮಿಣುಕು ಪುಡಿ ಮನೆಯೆಲ್ಲಾ ಹರಡಿತು. ಒಟ್ಟಿನಲ್ಲಿ ನೋಡಿದರೆ ಟ್ರೀ ಗಲೀಜಾಗಿ ಕಾಣುತ್ತಿತ್ತು. ಹೊಸದಾಗಿ ಏನೂ ಕೊಳ್ಳದೆ, ನೋಡಲು ಚೆನ್ನಾಗಿರುವ, ಮುಂದಿನ ವರ್ಷಕ್ಕೂ ಉಳಿಯುವ ಅಲಂಕಾರ ಮಾಡಬಹುದಾ?

ಉತ್ತರ: ಮಾಡಬಹುದು. ನೀವು ಹೇಳಿದ ತೊಂದರೆಗಳಿಗೆಲ್ಲ ಒಂದೊಂದು ಕಾರಣ ಇದೆ, ಅವು ಯಾವುದೂ ಕಷ್ಟದವಲ್ಲ. ಆದರೆ ಕೊನೆಯಲ್ಲಿ ಹೇಳಿದಿರಲ್ಲ, ಗಲೀಜಾಗಿ ಕಾಣುತ್ತಿತ್ತು ಅಂತ, ಅದರಿಂದಲೇ ಶುರು ಮಾಡೋಣ. ಉಳಿದ ಸಾಮಾನಿನ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ.

ಡಬ್ಬದಲ್ಲಿ ಹತ್ತು ಥರದ ಸಾಮಾನು ಇದ್ದರೆ ಹತ್ತು ಥರದ ಅಲಂಕಾರ ಮಾಡಬೇಕು ಅನ್ನಿಸುತ್ತದೆ. ಒಂದು ಕೆಂಪು ಗಂಟೆ, ಒಂದು ನೀಲಿ ಮೀನು, ಒಂದು ಉಲ್ಲನ್ ಚೆಂಡು, ಒಂದು ಮಿಣಮಿಣ ನಕ್ಷತ್ರ. ಕೈಯಲ್ಲಿ ಹಿಡಿದು ನೋಡಿದರೆ ಒಂದೊಂದೂ ಚೆನ್ನ. ಟ್ರೀ ಮೇಲೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ, ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಅದಕ್ಕೇ ನನ್ನ ಸಲಹೆ: ಈ ಸಲ ಎರಡೇ ಆಕಾರ, ಮೂರೇ ಬಣ್ಣ. ಅದನ್ನೇ ಮತ್ತೆ ಮತ್ತೆ ಮಾಡಿ. ಒಂದೇ ಥರದ್ದು ಹದಿನೈದು ಇದ್ದರೆ, ಅದರಲ್ಲಿ ನಾಲ್ಕು ಸೊಟ್ಟ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ ಅಂದುಕೊಳ್ಳುತ್ತಾರೆ.

ಬಣ್ಣ ಆರಿಸಲು ಡಬ್ಬವನ್ನೇ ಕೇಳಿ. ಎಲ್ಲವನ್ನೂ ನೆಲದ ಮೇಲೆ ಸುರಿದು ಬಣ್ಣದ ಪ್ರಕಾರ ಗುಡ್ಡೆ ಮಾಡಿ. ಈ ಕೆಲಸ ಐದು ವರ್ಷದವನಿಗೆ ಕೊಡಿ, ಖುಷಿಯಿಂದ ಮಾಡುತ್ತಾನೆ. ಯಾವ ಎರಡು ಗುಡ್ಡೆ ದೊಡ್ಡದೋ ಅವು ನಿಮ್ಮ ಬಣ್ಣ. ಮೂರನೆಯದು ಬಿಳಿ ಇರಲಿ, ಇಲ್ಲವಾದರೆ ರಟ್ಟಿನ ಕಂದು ಇರಲಿ. ಹಸಿರು ಮಾತ್ರ ಬೇಡ. ಹಸಿರು ಟ್ರೀ ಮೇಲೆ ಹಸಿರು ಅಲಂಕಾರ ಕಾಣುವುದೇ ಇಲ್ಲ. ಕಡು ನೀಲಿ, ಕಡು ನೇರಳೆ ಕೂಡ ಹಾಗೇ. ಹಗಲಲ್ಲಿ ಪರವಾಗಿಲ್ಲ, ಸಂಜೆ ದೀಪ ಹಾಕಿದ ಮೇಲೆ ಕಪ್ಪು ಚುಕ್ಕೆ ಆಗಿಬಿಡುತ್ತವೆ. ಬಿಳಿ, ಹಳದಿ, ಕೆಂಪು, ಕಿತ್ತಳೆ ದೂರಕ್ಕೂ ಕಾಣುತ್ತವೆ.

ಇನ್ನೊಂದು ಮಾತು. ಇದು ಗೋಡೆಗೆ ಅಂಟಿಸುವ ಚಿತ್ರ ಅಲ್ಲ. ದಾರದಲ್ಲಿ ನೇತಾಡುತ್ತಾ ತಿರುಗುತ್ತಲೇ ಇರುತ್ತದೆ. ಅಂದರೆ ಅರ್ಧ ಹೊತ್ತು ಕಾಣುವುದು ಅದರ ಬೆನ್ನು! ಎರಡೂ ಬದಿ ಮುಗಿಸದ ಅಲಂಕಾರ ಅರ್ಧ ಮಾಡಿದ ಹಾಗೆ.

ಸುರುಟುವ ಸಮಸ್ಯೆಗೂ ಇಲ್ಲೇ ಉತ್ತರ ಇದೆ. ಬಣ್ಣದಲ್ಲಿ ನೀರಿರುತ್ತದೆ. ಒಂದು ಬದಿಗೆ ಬಳಿದಾಗ ಆ ಬದಿಯ ಕಾಗದ ನೀರು ಕುಡಿದು ಹಿಗ್ಗುತ್ತದೆ. ಒಣಗುವಾಗ ಬಣ್ಣದ ಪದರ ಬಿಗಿದುಕೊಂಡು ಕಾಗದವನ್ನು ತನ್ನ ಕಡೆಗೆ ಎಳೆಯುತ್ತದೆ. ಇನ್ನೊಂದು ಬದಿಗೂ ಅಷ್ಟೇ ಬಣ್ಣ ಬಳಿದರೆ ಎರಡೂ ಕಡೆಯ ಎಳೆತ ಸಮ ಆಗುತ್ತದೆ, ರಟ್ಟು ನೇರ ನಿಲ್ಲುತ್ತದೆ. ಬಣ್ಣ ಮುಟ್ಟಿದರೆ ಅಂಟದ ಹಾಗೆ ಒಣಗಿದ ಮೇಲೆ ಎರಡು ಹಳೇ ನೋಟ್‌ಬುಕ್ ನಡುವೆ ಇಟ್ಟು ಮೇಲೆ ಭಾರ ಹೇರಿ, ಒಂದು ರಾತ್ರಿ ಬಿಡಿ. ಬಣ್ಣ ಹಾಕಿ ಆಮೇಲೆ ಕತ್ತರಿಸುವುದು ಇನ್ನೂ ಒಳ್ಳೆಯದು. ಅಂಚು ಚೊಕ್ಕವಾಗಿ ಬರುತ್ತದೆ, ಚಿಕ್ಕವನು ಗೆರೆ ದಾಟಿದ ಅಂತ ಯಾರೂ ಬೈಯಬೇಕಾಗಿಲ್ಲ.

ಈಗ ಡಬ್ಬದೊಳಗೆ ಕೈ ಹಾಕೋಣ. ಮುಂದೆ ಹೇಳುವುದನ್ನೆಲ್ಲ ಮಾಡಬೇಕಿಲ್ಲ, ಇಷ್ಟವಾದ ಎರಡನ್ನು ಆರಿಸಿಕೊಳ್ಳಿ. ಮೊದಲು ಮಕ್ಕಳ ಹಳೇ ಚಿತ್ರಗಳು. ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಬೆಲೆಯ ಸಾಮಾನು ಇದೇ ಅನ್ನುವೆ. ತುಂಬಾ ಇಷ್ಟದ್ದನ್ನು ಎತ್ತಿಡಿ. ಉಳಿದದ್ದರಲ್ಲಿ ಸುಮ್ನೆ ಬ್ರಷ್ ಆಡಿಸಿದ ಹಾಳೆಗಳು, ಬಣ್ಣ ಒರೆಸಿದ ಹಾಳೆಗಳು ಇರುತ್ತವಲ್ಲ, ಅವು ಬೇಕು. ಚಿತ್ರವಾಗಿ ಅವು ಏನೂ ಅಲ್ಲ. ಸಣ್ಣ ವೃತ್ತಗಳಾಗಿ ಕತ್ತರಿಸಿದರೆ ಯಾವ ಅಚ್ಚು ಹಾಕಿದ ಕಾಗದಕ್ಕೂ ಕಮ್ಮಿ ಇಲ್ಲ.

ಐದು ವರ್ಷದವನಿಗೆ ಆಗುವ ಚೆಂಡು ಹೀಗೆ. ಒಂದೇ ಅಳತೆಯ 8 ವೃತ್ತ ಕತ್ತರಿಸಿ. 5 ಸೆಂಟಿಮೀಟರ್ ಅಗಲ ಸಾಕು. ಪ್ರತಿಯೊಂದನ್ನೂ ಚಿತ್ರ ಒಳಗೆ ಬರುವ ಹಾಗೆ ಅರ್ಧಕ್ಕೆ ಮಡಚಿ. ಒಂದರ ಬೆನ್ನಿಗೆ ಇನ್ನೊಂದರ ಬೆನ್ನು ಅಂಟಿಸುತ್ತಾ ಹೋಗಿ. ಎಂಟನೆಯದನ್ನು ಮೊದಲನೆಯದಕ್ಕೆ ಸೇರಿಸುವ ಮುಂಚೆ ನಡುವಿನ ಬೆನ್ನಿಗೆ ದಾರ ಇಟ್ಟು ಮುಚ್ಚಿಬಿಡಿ. ಮುಗಿಯಿತು. ತೂತು ಇಲ್ಲ, ಕೊಕ್ಕೆ ಇಲ್ಲ, ಬೆನ್ನು ಮುಖ ಅನ್ನೋ ಭೇದವೂ ಇಲ್ಲ.

ಮಗಳಿಗೆ ಸ್ವಲ್ಪ ಸವಾಲು ಬೇಕು ಅಲ್ವಾ? ಅವಳಿಗೆ 20 ವೃತ್ತದ ಚೆಂಡು ಹೇಳಿಕೊಡಿ. ನನಗೆ ಕಾಗದದ ಅಲಂಕಾರಗಳಲ್ಲೆಲ್ಲಾ ಇದು ಅಚ್ಚುಮೆಚ್ಚು, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕೈವಾರದಿಂದ 2 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಿರಿ. ಕೈವಾರದ ಅಗಲ ಬದಲಿಸದೆ, ವೃತ್ತದ ಗೆರೆಯ ಮೇಲೆ ಒಂದು ಕಡೆ ಮುಳ್ಳು ಊರಿ ಗುರುತು ಹಾಕಿ. ಆ ಗುರುತಿನ ಮೇಲೆ ಮುಳ್ಳು ಊರಿ ಮುಂದಿನ ಗುರುತು. ಹೀಗೆ ಸುತ್ತಿ ಬಂದರೆ ಸರಿಯಾಗಿ 6 ಗುರುತು ಬೀಳುತ್ತವೆ. ಒಂದು ಬಿಟ್ಟು ಒಂದು ಗುರುತನ್ನು ಸ್ಕೇಲಿನಿಂದ ಸೇರಿಸಿ. ವೃತ್ತದೊಳಗೆ ಮೂರೂ ಬದಿ ಸಮ ಇರುವ ತ್ರಿಕೋನ ಬಂತು. ಈ ತ್ರಿಕೋನವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಳ್ಳಿ. ಇನ್ನು ಮುಂದೆ ಪ್ರತಿ ವೃತ್ತದ ಮೇಲೆ ಆ ರಟ್ಟು ಇಟ್ಟು, ಹೊರಗೆ ಉಳಿಯುವ ಮೂರು ಕಮಾನುಗಳನ್ನು ಮೇಲಕ್ಕೆ ಮಡಚಿದರಾಯಿತು. ಒಂದೊಂದಕ್ಕೂ ಗೆರೆ ಎಳೆಯುತ್ತಾ ಕೂತರೆ ಮಗು ನಾಲ್ಕನೆಯದಕ್ಕೇ ಎದ್ದು ಹೋಗುತ್ತದೆ.

20 ವೃತ್ತ ಮಡಚಿದ ಮೇಲೆ ಕಮಾನಿಗೆ ಕಮಾನು ಅಂಟಿಸುವುದು. ಕಮಾನುಗಳು ಹೊರಗೇ ಇರಬೇಕು. 5 ವೃತ್ತಗಳನ್ನು ಸುತ್ತಲೂ ಜೋಡಿಸಿದರೆ ಒಂದು ಟೋಪಿ. ಇನ್ನೊಂದು 5ರಿಂದ ಇನ್ನೊಂದು ಟೋಪಿ. ಉಳಿದ 10ನ್ನು ತ್ರಿಕೋನದ ತುದಿ ಒಂದು ಮೇಲೆ, ಒಂದು ಕೆಳಗೆ ಬರುವ ಹಾಗೆ ಸಾಲಾಗಿ ಅಂಟಿಸಿ, ಸಾಲಿನ ಎರಡು ತುದಿ ಸೇರಿಸಿದರೆ ಬಳೆ. ಬಳೆಯ ಮೇಲೊಂದು ಟೋಪಿ, ಕೆಳಗೊಂದು ಟೋಪಿ. ಮೇಲಿನ ಟೋಪಿ ಕೂರಿಸುವ ಮುಂಚೆ ಅದರ ನಡುವಿನಿಂದ ಗಂಟು ಹಾಕಿದ ದಾರ ಎಳೆದುಕೊಳ್ಳಿ. 2 ಸೆಂಟಿಮೀಟರ್ ತ್ರಿಜ್ಯ ಇಟ್ಟರೆ ಕಮಾನುಗಳನ್ನು ಬಿಟ್ಟು ಸುಮಾರು ಆರೂವರೆ ಸೆಂಟಿಮೀಟರ್ ಅಗಲದ ಚೆಂಡು ಸಿಗುತ್ತದೆ. 3 ಇಟ್ಟರೆ 10 ಸೆಂಟಿಮೀಟರ್ ಹತ್ತಿರ, ಅದು ದೊಡ್ಡ ಟ್ರೀಗೆ ಮಾತ್ರ ಸರಿ. ಹಾಳೆ ಡ್ರಾಯಿಂಗ್ ಪುಸ್ತಕದ ದಪ್ಪ ಇರಲಿ. ತೆಳು ಬಣ್ಣದ ಹಾಳೆ ಜೋಲುತ್ತದೆ, ರಟ್ಟು ಮಡಚಿದ ಕಡೆ ಸೀಳುತ್ತದೆ.

ಅಂಟಿನ ವಿಷಯ. ಫೆವಿಕಾಲ್ ಥರದ ಬಿಳಿ ಅಂಟು ಸಾಕು, ಆದರೆ ಬಾಟಲಿಯಿಂದ ಹಿಂಡಬೇಡಿ. ಮುಚ್ಚಳದಲ್ಲಿ ಚೂರು ಹಾಕಿಕೊಂಡು ಐಸ್‌ಕ್ರೀಂ ಕಡ್ಡಿಯಿಂದ ತೆಳ್ಳಗೆ ಸವರಿ. ಜಾಸ್ತಿ ಹಾಕಿದರೆ ಗಟ್ಟಿಯಾಗಿ ಅಂಟುತ್ತದೆ ಅನ್ನುವುದು ತಪ್ಪು. ಜಾಸ್ತಿ ಹಾಕಿದರೆ ತಡವಾಗಿ ಒಣಗುತ್ತದೆ, ಅಷ್ಟೇ. ಅಷ್ಟರಲ್ಲಿ ಜಾರಿಬಿಡುತ್ತದೆ. ಒಣಗುವ ತನಕ ಬಟ್ಟೆ ಕ್ಲಿಪ್ ಹಾಕಿ.

ಮುರಿದ ಕ್ರೇಯಾನ್‌ಗಳಿಗೆ ಬರೋಣ. ಇವುಗಳಿಂದ ಬೆಳಕು ತೂರಿ ಬರುವ ಅಲಂಕಾರ ಮಾಡಬಹುದು. ಸೆಲ್ಲೋಟೇಪ್ ಮುಗಿದ ಮೇಲೆ ಉಳಿಯುವ ರಟ್ಟಿನ ಉಂಗುರಗಳನ್ನು ಎಸೆಯದೆ ಇಟ್ಟಿದ್ದರೆ ಅವೇ ಚೌಕಟ್ಟು. ಇಲ್ಲದಿದ್ದರೆ ರಟ್ಟಿನಲ್ಲಿ ಬಳೆ ಕತ್ತರಿಸಿ. ಕ್ರೇಯಾನ್ ಸುತ್ತಿನ ಕಾಗದ ಸುಲಿದು, ಮೆಂಡರ್‌ನಲ್ಲಿ ಹೆರೆದು ಪುಡಿ ಮಾಡಿ. ಒಂದು ಟ್ರೇಸಿಂಗ್ ಪೇಪರ್ ಮೇಲೆ ಆ ಪುಡಿಯನ್ನು ತೆಳ್ಳಗೆ ಉದುರಿಸಿ, ಸುತ್ತ 1 ಸೆಂಟಿಮೀಟರ್ ಅಂಚು ಖಾಲಿ ಬಿಡಿ. ಮೇಲೆ ಇನ್ನೊಂದು ಟ್ರೇಸಿಂಗ್ ಪೇಪರ್. ಕೆಳಗೂ ಮೇಲೂ ಹಳೇ ಸುದ್ದಿಪತ್ರಿಕೆ ಇಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಯಲ್ಲಿ ಕೆಲವೇ ಸೆಕೆಂಡು ಒತ್ತಿ. ಆವಿ ಬೇಡ. ಉಜ್ಜಬೇಡಿ, ಒತ್ತಿ ಎತ್ತಿ. ಮೇಣ ಕರಗಿ ಕಾಗದಕ್ಕೆ ಇಳಿಯುತ್ತದೆ, ಕಾಗದ ಬೆಳಕು ಬಿಡುತ್ತದೆ. ಇಸ್ತ್ರಿ ಕೆಲಸ ನಿಮ್ಮದು, ಪುಡಿ ಉದುರಿಸುವುದು ಮಕ್ಕಳದು.

ಇಲ್ಲಿ ಆ ಖಾಲಿ ಅಂಚು ಯಾಕೆ ಅಂದರೆ, ಬಿಳಿ ಅಂಟು ಮೇಣಕ್ಕೆ ಹಿಡಿಯುವುದಿಲ್ಲ. ಮೇಣ ಇಲ್ಲದ ಅಂಚು ಇದ್ದರೆ ಅದನ್ನು ಎರಡು ಬಳೆಗಳ ನಡುವೆ ಅಂಟಿಸಬಹುದು. ಬಣ್ಣ ಬೆರೆಸುವಾಗಲೂ ಹುಷಾರು. ಹಳದಿ, ಕಿತ್ತಳೆ, ಕೆಂಪು ಒಟ್ಟಿಗೆ ಕರಗಿದರೆ ಬೆಂಕಿಯಂತೆ ಕಾಣುತ್ತವೆ. ಎಲ್ಲ ಬಣ್ಣ ಹಾಕಿದರೆ ಕೊನೆಗೆ ಸಿಗುವುದು ಕೆಸರಿನ ಕಂದು. ಇವುಗಳನ್ನು ಟ್ರೀ ದೀಪದ ಸರಕ್ಕೆ ಹತ್ತಿರ ತೂಗುಹಾಕಿ, ಬೆಳಕು ಹಿಂದಿನಿಂದ ಬರಲಿ. ಎಲ್‌ಇಡಿ ಸರವೇ ಆಗಬೇಕು. ಹಳೇ ಕಾಲದ ಬಿಸಿಯಾಗುವ ಬಲ್ಬಿನ ಸರ ಇದ್ದರೆ ಮೇಣದ್ದಿರಲಿ, ಕಾಗದದ್ದೂ ಅದರ ಹತ್ತಿರ ಬೇಡ.

ಈಗ ಆ ಮೆತ್ತಗಾದ ಬಿಲ್ಲೆಗಳು. ತಪ್ಪು ನಿಮ್ಮದಲ್ಲ, ಉಪ್ಪಿನದು. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ಗಾಳಿಯಲ್ಲಿನ ನೀರನ್ನು ಹೀರಿಕೊಂಡು ಕರಗಲು ಶುರು ಮಾಡುತ್ತದೆ. ಬಿಲ್ಲೆಯಲ್ಲಿ ಮೂರನೇ ಒಂದು ಭಾಗ ಉಪ್ಪೇ ಇದ್ದಾಗ ಅದು ಮೆತ್ತಗಾಗದೆ ಇರುತ್ತದಾ? 2 ಲೋಟ ಮೈದಾ, 1 ಲೋಟ ಉಪ್ಪು, ಮುಕ್ಕಾಲರಿಂದ 1 ಲೋಟ ನೀರು, ಇದು ಎಲ್ಲರೂ ಮಾಡುವ ಅಳತೆ. ಅದೇ ಬೇಕೆಂದರೆ ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಲಟ್ಟಿಸಬೇಡಿ. ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 2ರಿಂದ 3 ಗಂಟೆ, ನಡುವೆ ಒಮ್ಮೆ ಮಗುಚಿ ಒಣಗಿಸಿ. ಬಿಸಿ ಜಾಸ್ತಿ ಕೊಟ್ಟರೆ ಉಬ್ಬುತ್ತದೆ, ಅಂಚು ಕೆಂಪಾಗುತ್ತದೆ. ಪೂರ್ತಿ ಆರಿದ ಮೇಲೆ ಮುಂದೆ, ಹಿಂದೆ, ಅಂಚು, ತೂತಿನ ಒಳಗೂ ವಾರ್ನಿಶ್ ಹಚ್ಚಿ. ಒಂದು ಕಡೆ ಬಿಟ್ಟರೂ ತೇವಕ್ಕೆ ಬಾಗಿಲು ತೆರೆದಿಟ್ಟಂತೆ.

ಆದರೆ ನಾನಾದರೆ ಅಡುಗೆ ಸೋಡಾದ ಹಿಟ್ಟನ್ನೇ ಆರಿಸುತ್ತೇನೆ. 2 ಲೋಟ ಅಡುಗೆ ಸೋಡಾ, 1 ಲೋಟ ಕಾರ್ನ್‌ಫ್ಲೋರ್, ಒಂದೂಕಾಲು ಲೋಟ ನೀರು. ಗಂಟಿಲ್ಲದೆ ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಮೊದಲು ನೀರು ನೀರಾಗಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಪಾತ್ರೆ ಬಿಡುತ್ತದೆ. ತಕ್ಷಣ ಇಳಿಸಿ, ಒದ್ದೆ ಬಟ್ಟೆ ಮುಚ್ಚಿ ಆರಲು ಬಿಡಿ. ಆಮೇಲೆ ನಾದಿ, ಲಟ್ಟಿಸಿ, ಮುಚ್ಚಳದಿಂದ ಬಿಲ್ಲೆ ಕತ್ತರಿಸಿ. ಒಂದೆರಡು ದಿನ ಗಾಳಿಯಲ್ಲೇ ಒಣಗಿಸಿದರೆ ಸಾಕು, ಆಗಾಗ ಮಗುಚಬೇಕು. ಇಲ್ಲವಾದರೆ ಒಂದೇ ಬದಿ ಒಣಗಿ ಬಾಗುತ್ತದೆ. ಇದು ಬೆಳ್ಳಗೆ ಬರುತ್ತದೆ, ಹಿಮದ ಬಿಳಿ. ಬಣ್ಣ ಹಾಕದೆಯೂ ಚೆಂದ. ಹಿಟ್ಟು ಹಸಿಯಾಗಿದ್ದಾಗಲೇ ಮೇಲೆ ಒಂದು ಎಲೆ, ಲೇಸಿನ ತುಂಡು, ಗುಂಡಿ ಒತ್ತಿ ಎತ್ತಿದರೆ ಅಚ್ಚು ಬೀಳುತ್ತದೆ, ಅಷ್ಟೇ ಅಲಂಕಾರ ಸಾಕು.

ಯಾವ ಹಿಟ್ಟಾದರೂ ತೂತು ಒಣಗುವ ಮುಂಚೆಯೇ ಆಗಬೇಕು. ಸ್ಟ್ರಾ ಒತ್ತಿ ತೆಗೆದರೆ ಗುಂಡಗೆ ಬರುತ್ತದೆ. ಅಂಚಿನಿಂದ 1 ಸೆಂಟಿಮೀಟರ್ ಒಳಗಿರಲಿ. ನಿಮ್ಮ ಬಿಲ್ಲೆಗಳು ದಾರದ ಸಮೇತ ಬಿದ್ದವು ಅಂದಿರಲ್ಲ, ತೂತು ಅಂಚಿಗೆ ತೀರಾ ಹತ್ತಿರ ಇದ್ದಿರಬೇಕು. ಮನೆಯಲ್ಲಿ ನಾಯಿ ಇದ್ದರೆ ಇವೆರಡೂ ಕೆಳಗಿನ ಕೊಂಬೆಗೆ ಬೇಡ. ಅಷ್ಟೊಂದು ಉಪ್ಪು ಅಥವಾ ಸೋಡಾ ತಿಂದರೆ ನಾಯಿಗೆ ವಿಷವೇ.

ಗಟ್ಟಿಯಾದ ಪೋಸ್ಟರ್ ಕಲರ್ ಸತ್ತಿಲ್ಲ. ನಾಲ್ಕು ಹನಿ ಬೆಚ್ಚಗಿನ ನೀರು ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಕಡ್ಡಿಯಿಂದ ಕದಡಿ. ಕೆಟ್ಟ ವಾಸನೆ, ಬೂಷ್ಟು ಇದ್ದರೆ ಮಾತ್ರ ಎಸೆಯಿರಿ. ಎದ್ದ ಬಣ್ಣಕ್ಕೆ ಸ್ವಲ್ಪ ಬಿಳಿ ಅಂಟು ಬೆರೆಸಿ. ಕೈಗೆ ಪುಡಿ ಹತ್ತುವುದು, ಸಿಡಿಯುವುದು ಕಡಿಮೆಯಾಗುತ್ತದೆ. ಅಕ್ರಿಲಿಕ್ ಬೇರೆ ಕಥೆ. ಒಮ್ಮೆ ಒಣಗಿದರೆ ಅದು ಪ್ಲಾಸ್ಟಿಕ್, ನೀರಿಗೆ ಜಗ್ಗುವುದಿಲ್ಲ. ಆದರೆ ಅದರದ್ದೇ ಒಂದು ಉಪಯೋಗ ಇದೆ. ಬಾಟಲಿಯ ತಳದಲ್ಲಿ ಇನ್ನೂ ಹಸಿಯಾಗಿ ಉಳಿದ ಚೂರುಪಾರು ಅಕ್ರಿಲಿಕ್ ಇದ್ದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು ಹರಡಿ. ಪೂರ್ತಿ ಒಣಗಿದ ಮೇಲೆ ಹಪ್ಪಳ ಎಬ್ಬಿಸಿದ ಹಾಗೆ ಎಬ್ಬಿಸಬಹುದು. ಆ ಬಣ್ಣದ ಹಾಳೆಯನ್ನು ಕತ್ತರಿಯಿಂದ ಬೇಕಾದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿ.

ಒಣಗಿದ ಸ್ಕೆಚ್ ಪೆನ್‌ಗಳಲ್ಲಿ ನೀರಿನ ಶಾಯಿಯವು ಇದ್ದರೆ, ಒಂದೇ ಬಣ್ಣದ ನಾಲ್ಕೈದನ್ನು ತುದಿ ಕೆಳಗೆ ಮಾಡಿ ಸ್ವಲ್ಪ ನೀರಿರುವ ಬಟ್ಟಲಲ್ಲಿ ನಿಲ್ಲಿಸಿ. ಮಾರನೇ ದಿನಕ್ಕೆ ತೆಳು ಬಣ್ಣದ ನೀರು ಸಿದ್ಧ. ಟಿಶ್ಯೂ ಪೇಪರ್ ಮಡಚಿ ಮೂಲೆಗಳನ್ನು ಅದರಲ್ಲಿ ಅದ್ದಿ ಬಿಡಿಸಿದರೆ ಹೂವಿನಂಥ ಚಿತ್ತಾರ. ಅಳಿಸದ ಮಾರ್ಕರ್‌ಗಳ ಶಾಯಿ ನೀರಿಗೆ ಬಿಡುವುದಿಲ್ಲ, ಅದಕ್ಕೆ ಒದ್ದಾಡಬೇಡಿ.

ಹಿಮದ ಹರಳು ಕತ್ತರಿಸುವವರು ಸಾಮಾನ್ಯವಾಗಿ ಕಾಗದವನ್ನು ಅರ್ಧ, ಅರ್ಧ, ಮತ್ತೆ ಅರ್ಧ ಮಡಚುತ್ತಾರೆ. ಅದಕ್ಕೆ 4 ಇಲ್ಲವೇ 8 ಮೂಲೆ ಬರುತ್ತದೆ. ನಿಜವಾದ ಹಿಮದ ಹರಳಿಗೆ ಇರುವುದು 6. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜಾಲವಾಗಿ ಜೋಡಿಕೊಳ್ಳುವುದೇ ಅದಕ್ಕೆ ಕಾರಣ. ವೃತ್ತವನ್ನು ಒಮ್ಮೆ ಅರ್ಧ ಮಾಡಿ, ಆ ಅರ್ಧವನ್ನು ಮೂರು ಪಾಲಾಗಿ ಮಡಚಿ, ಮತ್ತೊಮ್ಮೆ ಅರ್ಧ ಮಾಡಿ ಕತ್ತರಿಸಿ. 12 ಪದರ ಆಗುವುದರಿಂದ ತೆಳು ಹಾಳೆಯೇ ಬೇಕು. ಬಣ್ಣದ ಹಾಳೆ ಜೋಲುತ್ತದೆ ಅಂದೆನಲ್ಲ, ಅದಕ್ಕೆ ಜಾಗ ಇದೇ. ಕತ್ತರಿಸಿ ಬಿಡಿಸಿದ ಮೇಲೆ ಅಂಟಿಗೆ ಸ್ವಲ್ಪ ನೀರು ಬೆರೆಸಿ ಎರಡೂ ಬದಿ ಸವರಿ, ಪ್ಲಾಸ್ಟಿಕ್ ಮೇಲೆ ಒಣಗಿಸಿದರೆ ಬಿಗಿಯಾಗುತ್ತದೆ.

ಉಲ್ಲನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಟ್ಟಿನ ನಕ್ಷತ್ರಕ್ಕೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ. ಐದು ವರ್ಷದವನೂ ಮಾಡುತ್ತಾನೆ, ಬೆನ್ನೂ ತಾನಾಗಿಯೇ ಮುಗಿಯುತ್ತದೆ.

ಮಿಣುಕು ಪುಡಿ ನನಗೂ ಆಗದು. ಹೆಚ್ಚಿನವು ಪ್ಲಾಸ್ಟಿಕ್ಕಿನ ಸಣ್ಣ ಚೂರು. ಗುಡಿಸಿದರೂ ಹೋಗುವುದಿಲ್ಲ, ತೊಳೆದರೆ ನೀರಿಗೆ ಸೇರುತ್ತವೆ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಿಂದ ಇಂಥ ಬಿಡಿ ಪ್ಲಾಸ್ಟಿಕ್ ಮಿಣುಕು ಪುಡಿಯ ಮಾರಾಟಕ್ಕೆ ಕಡಿವಾಣ ಹಾಕಿದೆ. ಮನೆಯಲ್ಲಿ ಉಳಿದಿರುವುದನ್ನು ಮುಗಿಸಲೇಬೇಕು ಅಂದರೆ ಉದುರಿಸಬೇಡಿ. ಅಂಟಿನಲ್ಲಿ ಕಲಸಿ ಬ್ರಷ್‌ನಿಂದ ಹಚ್ಚಿ, ಒಣಗಿದ ಮೇಲೆ ಮೇಲೊಂದು ಕೈ ಬರೀ ಅಂಟು ಹಚ್ಚಿ. ಹೊಳಪೇ ಬೇಕಿದ್ದರೆ ಚಾಕೊಲೇಟ್ ಸುತ್ತಿದ ತಗಡಿನ ಹಾಳೆಯನ್ನು ಉಗುರಿನಿಂದ ನಯ ಮಾಡಿ ಅಂಟಿಸಿ. ದೀಪದ ಬೆಳಕಿಗೆ ಅದು ಮಿಣುಕು ಪುಡಿಗಿಂತ ಚೆನ್ನಾಗಿ ಹೊಳೆಯುತ್ತದೆ.

ನೇತುಹಾಕಲು ಕೊಕ್ಕೆ ಕೊಳ್ಳಬೇಡಿ. ಪೇಪರ್ ಕ್ಲಿಪ್ ಬಿಡಿಸಿ ಎರಡು ತುದಿಯನ್ನೂ ಎದುರು ಬದುರು ಬಾಗಿಸಿದರೆ ಕೊಕ್ಕೆ. ಭಾರದ ಬಿಲ್ಲೆಗಳು ಕಾಂಡದ ಹತ್ತಿರ, ಹಗುರದ ಕಾಗದದವು ಕೊಂಬೆಯ ತುದಿಗೆ. ಮೂರು ವರ್ಷಕ್ಕಿಂತ ಚಿಕ್ಕ ಮಗು ಮನೆಗೆ ಬರುವಂತಿದ್ದರೆ ಗುಂಡಿ, ಮಣಿ, ಪೇಪರ್ ಕ್ಲಿಪ್ ಇರುವ ಯಾವುದೂ ಕೈಗೆ ಎಟುಕುವ ಎತ್ತರದಲ್ಲಿ ಇರಬಾರದು.

ಮುಂದಿನ ವರ್ಷಕ್ಕೆ ಉಳಿಯಬೇಕು ಅಂದಿರಿ. ಬಿಲ್ಲೆಗಳಿಗೆ ಮೊಟ್ಟೆಯ ಟ್ರೇ ಸರಿಯಾದ ಜಾಗ. ಮುಚ್ಚಳ ಬಿಗಿ ಇರುವ ಡಬ್ಬಕ್ಕೆ ಹಾಕಿ, ಹೊಸ ಶೂ ಜೊತೆ ಬರುವ ತೇವ ಹೀರುವ ಸಣ್ಣ ಚೀಟಿಗಳನ್ನು ಇಟ್ಟುಬಿಡಿ. ಕಾಗದದ ಚೆಂಡುಗಳ ಮೇಲೆ ಏನೂ ಹೇರಬೇಡಿ. ಕ್ರೇಯಾನಿನವನ್ನು ನಡುವೆ ಒಂದೊಂದು ಹಾಳೆ ಇಟ್ಟು ಮಲಗಿಸಿ ಜೋಡಿಸಿ, ಬಿಸಿಲು ಕಾಯುವ ಅಟ್ಟದಲ್ಲಿ ಮಾತ್ರ ಇಡಬೇಡಿ.